ನಮ್ಮ ಸಾಲಕ್ಕೆ ತಾವು ಕರುಣಿಸಿದ ಯೌವನ

ಹಳೆಯ ಬಾಕಿಗಳನ್ನು ಕೊಂಡು ತಂದು ಸಾಕಿ ಸಲಹುವ ಸಂಸ್ಥೆಯ ಗ್ರಾಹಕ ಬಾಂಧವ್ಯ ವಿಭಾಗದ ಮುಖ್ಯಸ್ಥರಾದ ಪರಮ ಮಾನ್ಯರೇ,

ತಾವೂ, ತಮ್ಮ ಕಚೇರಿಯ ಗಾಜಿನ ಬಾಗಿಲೂ, ಆ ಬಾಗಿಲಲ್ಲಿ ನಿಂತು ಬಂದವರ ಮುಖಕ್ಕಿಂತ ಮೊದಲು ಚಪ್ಪಲಿಯನ್ನು ನೋಡುವ ಕಾವಲುಗಾರರೂ ಆರೋಗ್ಯದಿಂದ ಇದ್ದೀರೆಂದು ಭಾವಿಸುತ್ತೇನೆ. ತಮ್ಮ ದಾಖಲೆಯಲ್ಲಿ ನಾನೊಂದು ಉದ್ದನೆಯ ಸಂಖ್ಯೆ. ದಾಖಲೆಯ ಹೊರಗೆ, ಬಾಯಲ್ಲಿ ಹಲ್ಲಿಲ್ಲದವರಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟು ಹೊಟ್ಟೆ ಹೊರೆಯುವ ಹೆಂಗಸು. ಈ ಮೊದಲು ತಮಗೆ ಅಂಟಿಸಿದ ಲಕೋಟೆಯಲ್ಲಿ ಪತ್ರ ಬರೆದಿದ್ದೆ, ಉತ್ತರ ಸರಿಬೀಳದೆ ಮತ್ತೊಮ್ಮೆ ಬರೆದೆ, ಎರಡಕ್ಕೂ ‘ತಮ್ಮ ಅಹವಾಲು ನಮಗೆ ಅತ್ಯಂತ ಮಹತ್ವದ್ದು’ ಎಂಬ ಒಂದೇ ಉತ್ತರ ಒಂದೇ ಸಹಿಯಡಿ ಬಂದಿತು. ಇಷ್ಟೊಂದು ಮಹತ್ವದ ಅಹವಾಲನ್ನು ನಾವಿಬ್ಬರೇ ಗುಟ್ಟಾಗಿ ಅನುಭವಿಸುವುದು ಸ್ವಾರ್ಥವಾದೀತೆಂದು, ಈ ಸಲ ಲಕೋಟೆಯ ಖರ್ಚು ಉಳಿಸಿ, ನಾಲ್ಕು ಜನ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಅಭಿನಂದನೆಯನ್ನು ಸಲ್ಲಿಸಿಬಿಡುತ್ತೇನೆ, ಯಾಕೆಂದರೆ ಮುಂದೆ ಹೋದಂತೆ ನನಗೆ ಸಿಟ್ಟು ನೆತ್ತಿಗೇರಿ ಅದು ಮರೆತುಹೋಗುವ ಸಂಭವವಿದೆ. ಈ ಏಳು ವರ್ಷಗಳಲ್ಲಿ ನಾವು ಮೂರು ಸಲ ಮನೆ ಬದಲಿಸಿದೆವು. ನನ್ನ ಒಡಹುಟ್ಟಿದ ಅಕ್ಕನಿಗೆ ಎರಡನೆಯ ಮನೆಯ ದಾರಿಯೇ ಗೊತ್ತಾಗಲಿಲ್ಲವಂತೆ; ಮೂರನೆಯದರ ದಾರಿ ಕೇಳುವ ಗೋಜಿಗೂ ಅವಳು ಹೋಗಲಿಲ್ಲ. ತಾವಾದರೋ, ನಾವು ಸಾಮಾನಿನ ಪೆಟ್ಟಿಗೆಗಳ ಹಗ್ಗ ಬಿಚ್ಚುವ ಮೊದಲೇ, ಒಲೆಯನ್ನು ಯಾವ ಗೋಡೆಗೆ ಇಡಬೇಕೆಂದು ಅತ್ತೆ ಇನ್ನೂ ತಲೆ ಕೆಡಿಸಿಕೊಂಡಿರುವಾಗಲೇ, ಬಾಗಿಲಡಿಯ ಸಂದಿಯಿಂದ ಕೆಂಪಕ್ಷರದ ನೋಟೀಸನ್ನು ಒಳಗೆ ತೂರಿಸಿ ನಮ್ಮನ್ನು ಹೊಸ ಮನೆಗೆ ಬರಮಾಡಿಕೊಂಡಿರಿ. ‘ಜನ್ಮದಿನದ ಶುಭಾಶಯಗಳು, ಬಾಕಿಯನ್ನು ಕೂಡಲೇ ಪಾವತಿಸಿ’ ಎಂದು ಒಂದೇ ಉಸಿರಿನಲ್ಲಿ ಹರಸುವವರು ತಮ್ಮನ್ನು ಬಿಟ್ಟರೆ ನನಗೆ ಇನ್ಯಾರಿದ್ದಾರೆ? ನನ್ನ ಯಜಮಾನರು ತೀರಿಕೊಂಡ ಮೇಲೆ ಆ ದಿನವನ್ನು ನೆನಪಿಟ್ಟುಕೊಂಡ ಏಕೈಕ ಸಂಸ್ಥೆ ತಮ್ಮದು.

ಇನ್ನು ಆ ಬಾಕಿಯ ಹುಟ್ಟಿನ ವಿಚಾರ. ತಮ್ಮಲ್ಲಿಗೆ ಬರುವಷ್ಟರಲ್ಲಿ ಅದು ತನ್ನ ಹೆತ್ತವರನ್ನು ಮರೆತಿರಬಹುದಾದ್ದರಿಂದ ನಾನೇ ನೆನಪಿಸುತ್ತೇನೆ. ಏಳು ವರ್ಷಗಳ ಹಿಂದೆ ನಾನೊಂದು ಬಟ್ಟೆ ಒಗೆಯುವ ಯಂತ್ರವನ್ನು ಕಂತಿನ ಮೇಲೆ ತಂದೆ. ಮೊದಲ ಒಗೆತದಲ್ಲೇ ಅದು ಬಚ್ಚಲುಮನೆಯಿಂದ ಹೊರಟು, ನಡುಮನೆ ದಾಟಿ, ಅತ್ತೆಯ ಮಂಚದ ತನಕ ನಡೆದು ಬಂದು, ಅವರ ಮೊಣಕಾಲಿಗೆ ಒರಗಿಕೊಂಡು ಗಡಗಡ ನಡುಗಿತು. ಎರಡನೆಯ ಒಗೆತದಲ್ಲಿ ಬಾಗಿಲು ಹಾಕಿಟ್ಟೆವು, ಬಾಗಿಲಿಗೇ ಗುದ್ದಿತು. ಅಂಗಡಿಯವರು ಬಂದು ನೋಡಿ, ತಲೆ ಕೆರೆದುಕೊಂಡು, ಅದನ್ನು ಗಾಡಿಗೇರಿಸಿ ವಾಪಸು ಒಯ್ದರು, ಲೆಕ್ಕ ಚುಕ್ತಾ ಎಂದರು, ಮರುತಿಂಗಳು ಅಂಗಡಿಗೆ ಬೀಗ ಹಾಕಿ ಊರನ್ನೇ ಬಿಟ್ಟರು. ಯಂತ್ರ ವಾಪಸು ಹೋದ ಸುದ್ದಿಯನ್ನು ಸಾಲ ಕೊಟ್ಟ ಕಂಪನಿಗೆ ಅವರು ಮುಟ್ಟಿಸಲೇ ಇಲ್ಲ. ನಾನು ಮುಟ್ಟಿಸಿದ್ದನ್ನು ಕಂಪನಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೆ ಯಂತ್ರ ಹೋಯಿತು, ಅಂಗಡಿ ಹೋಯಿತು, ಸಾಲ ಮಾತ್ರ ನನ್ನ ಹೆಸರಿನಲ್ಲಿ ಉಳಿಯಿತು.

ಕಂಪನಿಯವರು ಅದನ್ನು ಬೇರೊಬ್ಬರಿಗೆ ಮಾರಿದರು, ಅವರು ಇನ್ನೊಬ್ಬರಿಗೆ ದಾಟಿಸಿದರು, ಕೊನೆಗೆ ತಾವು ಅದನ್ನು ಚಿಲ್ಲರೆ ಕಾಸಿಗೆ ಕೊಂಡಿರೆಂದು ಕೇಳಿದ್ದೇನೆ. ಆಶ್ಚರ್ಯವೆಂದರೆ ಕೊಂಡವರು ಕೊಟ್ಟ ಬೆಲೆ ಪ್ರತಿ ಸಲವೂ ಇಳಿಯುತ್ತ ಹೋಯಿತು, ಸಾಲದ ಮೈ ಮಾತ್ರ ದಪ್ಪವಾಗುತ್ತ ಬಂದಿತು. ಬಡ್ಡಿ ತಿಂದು, ದಂಡ ತಿಂದು, ‘ನಿರ್ವಹಣಾ ವೆಚ್ಚ’ ಎಂಬುದನ್ನೂ ತಿಂದು ಅದು ಈಗ ಮೂರು ಯಂತ್ರಗಳಷ್ಟು ಬೆಳೆದಿದೆ. ನನ್ನ ಮನೆಯಲ್ಲಿ ಇದ್ದಿದ್ದರೆ ಇಷ್ಟು ಚೆನ್ನಾಗಿ ಬೆಳೆಯುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಇಷ್ಟೂ ವರ್ಷ ನಾನು ಒಂದೇ ಭರವಸೆಯ ಮೇಲೆ ಇದ್ದೆ. ಯಾರೂ ಕಟ್ಟದ, ಯಾರೂ ಒಪ್ಪಿಕೊಳ್ಳದ ಸಾಲ ಏಳು ವರ್ಷ ತುಂಬಿದ ಮೇಲೆ ಸಾಲಗಾರರ ದಾಖಲೆಯಿಂದ ತಾನಾಗಿ ಅಳಿದುಹೋಗುತ್ತದೆ, ಕ್ರೆಡಿಟ್ ಸ್ಕೋರು ಎಂಬ ಮೂರಂಕಿಯ ಗೌರವ ಮತ್ತೆ ಮೇಲೇಳುತ್ತದೆ ಎಂದು ಬ್ಯಾಂಕಿನವರೇ ಹೇಳಿದ್ದರು. ಆ ಸ್ಕೋರಿನ ಮೇಲೆ ನನಗಿರುವ ಆಸೆ ಒಣ ಪ್ರತಿಷ್ಠೆಯದಲ್ಲ. ನಾನು ಕೆಲಸ ಮಾಡುವ ಕೋಣೆ ಸೈಕಲ್ ಅಂಗಡಿಯೊಂದರ ಮೇಲಿದೆ. ಹದಿನೆಂಟು ವರ್ಷಗಳಿಂದ ಅಲ್ಲೇ ಬಾಡಿಗೆಗಿದ್ದೇನೆ. ಸುತ್ತಲಿನ ಬೀದಿಗಳ ದಂತವೈದ್ಯರು ಬಾಯಿಯ ಅಚ್ಚುಗಳನ್ನು ಅಲ್ಲಿಗೇ ಕಳಿಸುತ್ತಾರೆ. ಪ್ಲಾಸ್ಟರು ಕಟ್ಟಿಕೊಳ್ಳದಂತೆ ತೊಟ್ಟಿಯ ಕೊಳವೆಯನ್ನು ನಾನೇ ಹಾಕಿಸಿದ್ದೇನೆ, ಕಟ್ಟಿದ ಹಲ್ಲುಗಳನ್ನು ತೇಯುವಾಗ ಏಳುವ ಧೂಳನ್ನು ಹೊರದೂಡುವ ಫ್ಯಾನು ನನ್ನದು, ಮೇಣ ಕರಗಿಸುವ ಕಟ್ಟೆ ನನ್ನ ಎತ್ತರಕ್ಕೆ ಕಟ್ಟಿಸಿದ್ದು. ಬಿಳಿಯಲ್ಲೂ ಬಗೆಬಗೆ ಬಿಳಿ ಇರುತ್ತದೆ, ಒಬ್ಬೊಬ್ಬರ ಮುಖಕ್ಕೆ ಒಂದೊಂದು ಒಪ್ಪುತ್ತದೆ, ಅದನ್ನು ಆರಿಸಲು ಬೇಕಾದ ಉತ್ತರದ ಕಿಟಕಿಯ ಬೆಳಕು ಆ ಕೋಣೆಗೆ ಬಿಟ್ಟರೆ ಈ ಬೀದಿಯಲ್ಲಿ ಬೇರೆಲ್ಲೂ ಇಲ್ಲ. ಕಟ್ಟಡದ ಮಾಲೀಕರು ಈಗ ಅದನ್ನು ಮಾರುತ್ತಿದ್ದಾರೆ. ಜಾಸ್ತಿ ಕೊಡುವವರು ಬಾಗಿಲಲ್ಲಿ ನಿಂತಿದ್ದರೂ ಹಳೆಯ ಒಡನಾಟಕ್ಕಾಗಿ, “ಈ ತಿಂಗಳು ಮುಗಿಯೋವರೆಗೂ ಕಾಯ್ತೀನಮ್ಮಾ, ಮೊದಲು ನಿನಗೇ. ಆಮೇಲೆ ನನ್ನ ಕೈಲೂ ಆಗಲ್ಲ” ಎಂದಿದ್ದಾರೆ. ಬ್ಯಾಂಕು ಸಾಲ ಕೊಟ್ಟರೆ ಕೋಣೆ ನನ್ನದು, ಕೊಡದಿದ್ದರೆ ನಾನು ಬೀದಿಗೆ.

ಏಳು ವರ್ಷ ತುಂಬಿದ ಮರುವಾರವೇ, ಇಸ್ತ್ರಿ ಮಾಡಿದ ಸೀರೆ ಉಟ್ಟು ಬ್ಯಾಂಕಿಗೆ ಹೋದೆ. ಅಲ್ಲಿನ ಸಾಲ ವಿಭಾಗದ ಅಧಿಕಾರಿಣಿ ತಮ್ಮ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. “ಹಳೇದು ಅಂದ್ರಲ್ಲಾ ಮೇಡಂ, ಇದು ಹೋದ ತಿಂಗಳದ್ದು” ಎಂದರು. ಆ ಸಾಲ ಸತ್ತಿರಲಿಲ್ಲ ಮಾನ್ಯರೇ. ಸಾಯುವುದಿರಲಿ, ಅದರ ತಲೆಕೂದಲೂ ನರೆತಿರಲಿಲ್ಲ. ಅದರ ಜನ್ಮದಿನಾಂಕವೇ ಬದಲಾಗಿ, ಹೋದ ತಿಂಗಳು ಹುಟ್ಟಿದ ಕೂಸಿನಂತೆ ಕೈಕಾಲು ಬಡಿಯುತ್ತ ಪರದೆಯ ಮೇಲೆ ಮಲಗಿತ್ತು. ನನ್ನ ಸ್ಕೋರು ಅದರ ಪಕ್ಕದಲ್ಲಿ ನೆಲಕಚ್ಚಿತ್ತು.

ಇಲ್ಲಿ ನನ್ನ ಮೊದಲ ಕೋರಿಕೆಯನ್ನು ಮಂಡಿಸಲು ಅಪ್ಪಣೆಯಾಗಬೇಕು. ಏಳು ವರ್ಷದ ಮುಪ್ಪನ್ನು ಒಂದೇ ದಿನದಲ್ಲಿ ಕಳೆದು ಯೌವನ ಕರುಣಿಸುವ ವಿದ್ಯೆ ತಮಗೆ ಸಿದ್ಧಿಸಿರುವಾಗ, ಅದನ್ನು ಕೇವಲ ಸಾಲಗಳ ಮೇಲೆ ಪ್ರಯೋಗಿಸುವುದು ಜಿಪುಣತನವಾಗುತ್ತದೆ. ನಮ್ಮ ಅತ್ತೆಯ ಎರಡೂ ಮೊಣಕಾಲುಗಳನ್ನು ತಮ್ಮ ಕಚೇರಿಗೆ ಕರೆತರಲು ಸಿದ್ಧಳಿದ್ದೇನೆ, ಏಳು ವರ್ಷ ಬೇಡ, ನಾಲ್ಕು ವರ್ಷ ಇಳಿಸಿಕೊಟ್ಟರೂ ಅವರು ಮೆಟ್ಟಿಲು ಹತ್ತಿಯಾರು. ನನ್ನ ಕಣ್ಣುಗಳಿಗೂ ಅಷ್ಟೇ ಇಳಿಸಿದರೆ ಕನ್ನಡಕದ ಖರ್ಚು ಉಳಿಯುತ್ತದೆ. ಯಜಮಾನರ ವಿಚಾರವನ್ನು ಎತ್ತುವುದಿಲ್ಲ. ಅವರು ತೀರಿಕೊಂಡು ಐದು ವರ್ಷವಾಯಿತು, ಲೆಕ್ಕದ ಪ್ರಕಾರ ಅದೂ ತಮ್ಮ ವ್ಯಾಪ್ತಿಯೊಳಗೇ ಬರುತ್ತದೆಂದು ಒಮ್ಮೆ ಮನಸ್ಸಿಗೆ ಬಂತು, ಅಷ್ಟೆ.

ತಮ್ಮ ಕಚೇರಿಗೆ ಫೋನು ಮಾಡಿ ಈ ಪವಾಡದ ಮೂಲವನ್ನು ವಿಚಾರಿಸಿದಾಗ, ನಾನೇ ಹೋದ ತಿಂಗಳು ಸಾಲಕ್ಕೆ ಒಂದಷ್ಟು ಹಣ ಕಟ್ಟಿದ್ದೇನೆಂದೂ, ಒಂದು ಕಾಸು ಕಟ್ಟಿದರೂ ಸಾಲವನ್ನು ಒಪ್ಪಿಕೊಂಡಂತೆ ಎಂದೂ, ಒಪ್ಪಿಕೊಂಡ ದಿನದಿಂದ ಏಳು ವರ್ಷದ ಎಣಿಕೆ ಹೊಸದಾಗಿ ಶುರುವಾಗುತ್ತದೆಂದೂ ತಮ್ಮವರು ತಿಳಿಸಿದರು. ನಾನು ಕಟ್ಟಿರಲಿಲ್ಲ. ಆದರೆ ಆ ಮೊತ್ತವನ್ನು ಕೇಳಿದೊಡನೆ ನನಗೆ ಅತ್ತೆಯ ನೆನಪಾಯಿತು, ಯಾಕೆಂದರೆ ಅದು ಸಾಲ ಕಟ್ಟುವವರು ಕಟ್ಟುವಂಥ ಮೊತ್ತವಾಗಿರಲಿಲ್ಲ. ಸರಿಯಾಗಿ ಒಂದು ಜೊತೆ ಗಂಡಸರ ಚಪ್ಪಲಿಯ ಬೆಲೆ ಅದು, ಹೋದ ತಿಂಗಳು ಅತ್ತೆ ನನ್ನಲ್ಲೇ ವಿಚಾರಿಸಿದ್ದ ಬೆಲೆ.

ಇಲ್ಲಿ ತಮ್ಮ ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಒಬ್ಬ ಮಹನೀಯರ ಪರಿಚಯ ಮಾಡಿಕೊಡಬೇಕು. ಅವರ ಹೆಸರು ನಮಗೆ ಗೊತ್ತಿಲ್ಲ. ಪ್ರತಿದಿನ ಹನ್ನೊಂದು ಗಂಟೆಗೆ ಸಾಲದ ನೆನಪು ಮಾಡಿಸಲು ಕರೆ ಮಾಡುತ್ತಿದ್ದರಿಂದ ಅತ್ತೆ ಅವರನ್ನು ‘ನಮ್ಮ ಹನ್ನೊಂದು ಗಂಟೆ’ ಎಂದೇ ಕರೆಯುತ್ತಾರೆ. ತಮ್ಮಲ್ಲಿರುವುದು ನನ್ನ ಹಳೆಯ ಫೋನಿನ ಸಂಖ್ಯೆ. ಆ ಫೋನು ಈಗ ಅತ್ತೆಯ ಬಳಿ ಇದೆ, ತರಕಾರಿಯವರಿಗೆ, ಹಾಲಿನವರಿಗೆ ಕೊಡಲೆಂದು ಅದರಲ್ಲಿ ನನ್ನ ಖಾತೆಯಿಂದ ಒಂದಿಷ್ಟು ಹಣವನ್ನೂ ಹಾಕಿಟ್ಟಿರುತ್ತೇನೆ. ಮೊದಮೊದಲು ಕರೆ ಬಂದಾಗ ನಾನೇ ತೆಗೆದುಕೊಂಡು ಕೂಗಾಡುತ್ತಿದ್ದೆ. ಆಮೇಲೆ ಕೂಗಾಡಲು ಪುರುಸೊತ್ತಿಲ್ಲದೆ, ನಾನಿಲ್ಲವೆಂದು ಹೇಳುವ ಕೆಲಸವನ್ನು ಅತ್ತೆಗೆ ವಹಿಸಿದೆ. ಅವರು ಬಹಳ ನಿಷ್ಠೆಯಿಂದ, “ಅವಳಿಲ್ಲಪ್ಪಾ. ನಿಂದು ತಿಂಡಿ ಆಯ್ತಾ?” ಎಂದು ಶುರು ಮಾಡಿದರು.

ಆ ಪ್ರಶ್ನೆಗೆ ತಮ್ಮ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲವೆಂದು ಕಾಣುತ್ತದೆ. ಹನ್ನೊಂದು ಗಂಟೆಯವರು ಎರಡು ದಿನ ಅದನ್ನು ಕೇಳಿಸದಂತೆ ದಾಟಿಸಿ, ಮೂರನೆಯ ದಿನ “ಇಲ್ಲಮ್ಮಾ, ಇವತ್ತು ಬಸ್ ತಪ್ಪೋಯ್ತು, ತಿನ್ನೋಕಾಗ್ಲಿಲ್ಲ” ಎಂದುಬಿಟ್ಟರು. ಅಲ್ಲಿಗೆ ತಮ್ಮ ಸಾಲದ ಕಥೆ ಮುಗಿಯಿತು. ಆಮೇಲೆ ಅವರಿಬ್ಬರೂ ಸಾಲದ ಮಾತನ್ನು ಮೊದಲ ಅರ್ಧ ನಿಮಿಷದಲ್ಲಿ, ಗಣಿತದ ಮಗ್ಗಿ ಒಪ್ಪಿಸುವಂತೆ ಒಪ್ಪಿಸಿ ಮುಗಿಸುತ್ತಿದ್ದರು. ನಂತರ ಮೊಣಕಾಲು, ಕೆಮ್ಮು, ಪಕ್ಕದ ಮನೆಯವರ ನಾಯಿ, ಬಿಸಿಲು, ಮೊಮ್ಮಕ್ಕಳಿಲ್ಲದ ಬೇಸರ. ಅತ್ತೆ ಬೆಳಿಗ್ಗೆ ಹತ್ತಕ್ಕೇ ತಲೆ ಬಾಚಿಕೊಂಡು ಕೂರತೊಡಗಿದರು. ಫೋನಿನಲ್ಲಿ ಮುಖ ಕಾಣುವುದಿಲ್ಲವೆಂದು ನಾನು ಹೇಳಿದೆ. “ಕಾಣಲ್ಲ ಅಂತ ಕೆದರಿಕೊಂಡು ಕೂತ್ಕೊಳ್ಳಕ್ಕಾಗುತ್ತಾ?” ಎಂದು ನನ್ನ ಬಾಯಿ ಮುಚ್ಚಿಸಿದರು. ದಿನವಿಡೀ ಒಂಟಿಯಾಗಿರುವ ಹಿರಿಯರಿಗೆ ಖರ್ಚಿಲ್ಲದೆ ಸಿಕ್ಕ ಒಡನಾಟ, ಇರಲಿ ಎಂದು ನಾನೂ ಸುಮ್ಮನಿದ್ದೆ.

ಒಂದು ದಿನ ಹನ್ನೊಂದು ಗಂಟೆಯವರು ತಮ್ಮ ಚಪ್ಪಲಿಯ ಅಟ್ಟೆ ಕಿತ್ತುಹೋಗಿ, ದಾರದಲ್ಲಿ ಕಟ್ಟಿಕೊಂಡು ಕಚೇರಿಗೆ ನಡೆದು ಬಂದದ್ದನ್ನು ತಮಾಷೆಯಾಗಿ ಹೇಳಿದರಂತೆ. ತಮಾಷೆ ಅತ್ತೆಗೆ ನಾಟಲಿಲ್ಲ, ಚಪ್ಪಲಿ ನಾಟಿತು. ತಾನೇ ಹೊಸದು ಕೊಡಿಸುತ್ತೇನೆ ಎಂದರು. ಅವರು ಬೇಡವೆಂದರು. ತಮ್ಮ ಸಂಸ್ಥೆ ದಿನವೂ ಕಳಿಸುವ ಸಂದೇಶದಲ್ಲಿ ‘ನಿಮಗೆ ಅನುಕೂಲವಾದಷ್ಟು ಇಲ್ಲಿ ಕಟ್ಟಿ’ ಎಂದು ಒತ್ತುವ ಜಾಗವೊಂದು ಇರುತ್ತದಲ್ಲವೇ, ಅದರಲ್ಲಿ ಹಾಕುತ್ತೇನೆ ಎಂದರು ಅತ್ತೆ. ಅವರು ಗಾಬರಿಯಾಗಿ, ಅದು ತನಗೆ ಬರುವುದಿಲ್ಲ, ಸಾಲಕ್ಕೆ ಹೋಗುತ್ತದೆ, ಮಲಗಿರುವ ಸಾಲ ಎದ್ದು ಕೂರುತ್ತದೆ, ನಿಮ್ಮ ಸೊಸೆಗೆ ತೊಂದರೆಯಾಗುತ್ತದೆ, ದಮ್ಮಯ್ಯ ಬೇಡ ಎಂದು ಮತ್ತೆ ಮತ್ತೆ ಹೇಳಿದರು.

ನಮ್ಮ ಅತ್ತೆಯನ್ನು ಬಲ್ಲವರಿಗೆ ಇಲ್ಲಿ ಏನಾಯಿತೆಂದು ವಿವರಿಸಬೇಕಾಗಿಲ್ಲ. ತಾವು ಬಲ್ಲವರಲ್ಲವಾದ್ದರಿಂದ ವಿವರಿಸುತ್ತೇನೆ. ಅವರ ಪಂಕ್ತಿಯಲ್ಲಿ ಊಟಕ್ಕೆ ಕೂತವರು ಬೇಡ ಎಂದರೆ ಇನ್ನೊಂದು ಸೌಟು ಬೀಳುತ್ತದೆ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಪಕ್ಕಕ್ಕೆ ಬೀಳುತ್ತದೆ. ಸಾಕು ಸಾಕು ಎಂದು ಎದ್ದವರಿಗೆ ಡಬ್ಬಿಯಲ್ಲಿ ಕಟ್ಟಿಕೊಡಲಾಗುತ್ತದೆ. ನಾನು ಈ ಮನೆಗೆ ಬಂದ ಹೊಸದರಲ್ಲಿ ಬೇಡ ಎನ್ನುತ್ತಲೇ ಎರಡು ವರ್ಷದಲ್ಲಿ ರವಿಕೆಗಳನ್ನೆಲ್ಲ ಬಿಚ್ಚಿ ಹೊಲಿಸಿದ್ದೇನೆ. ಯಾರಾದರೂ ಏನನ್ನಾದರೂ ನಿಜವಾಗಿಯೂ ಬೇಡ ಎನ್ನಬಹುದೆಂಬ ಸಂಗತಿಯನ್ನು ಅವರು ಎಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ನಂಬಿದವರಲ್ಲ. ಹನ್ನೊಂದು ಗಂಟೆಯವರು ಸಂಕೋಚದ ಪ್ರಾಣಿ ಎಂದು ಅವರಿಗೆ ಖಾತ್ರಿಯಾಯಿತು. ಎಷ್ಟು ಗಟ್ಟಿಯಾಗಿ ಬೇಡ ಎಂದರೋ ಅಷ್ಟು ಗಟ್ಟಿಯಾಗಿ ಅತ್ತೆ ಆ ಜಾಗವನ್ನು ಒತ್ತಿದರು.

ನಾನು ಬ್ಯಾಂಕಿನಿಂದ ಬಂದು ಕೇಳಿದಾಗ ಅವರು ಯಾವುದನ್ನೂ ಮುಚ್ಚಿಡಲಿಲ್ಲ. “ಸಾಲಕ್ಕೆ ಅಂತ ನಾನ್ಯಾಕೆ ಕೊಡ್ಲಿ? ಆ ಕುಣಿಯೋ ಯಂತ್ರಕ್ಕೆ ಒಂದು ಬಿಡಿಗಾಸೂ ಕೊಡಲ್ಲ ಅಂತ ಅವತ್ತೇ ಹೇಳಿದೀನಿ. ಇದು ಸಾಲಕ್ಕಲ್ಲಪ್ಪಾ, ನಿನ್ನ ಚಪ್ಪಲಿಗೆ ಅಂತ ಬಾಯಿಬಿಟ್ಟು ಹೇಳೇ ಕೊಟ್ಟಿದ್ದು” ಎಂದರು. ನಾನು ಗೋಡೆಗೆ ತಲೆ ಆನಿಸಿ ನಿಂತೆ. ಕೋಣೆ ಕೈತಪ್ಪುತ್ತದೆಂದು ಗೊತ್ತಾದ ಮೇಲೆ ಅವರು ಆ ದಿನ ಊಟ ಮಾಡಲಿಲ್ಲ. ನಾನು ಬಡಿಸಿದರೆ ಬೇಡ ಎಂದರು, ನನಗೆ ಅವರ ಹಾಗೆ ಒತ್ತಾಯ ಮಾಡಲು ಬರುವುದಿಲ್ಲ. ಇಬ್ಬರೂ ಅತ್ತೆವು ಎಂದು ಇಲ್ಲಿ ಬರೆಯುವುದರಿಂದ ತಮ್ಮ ಬಡ್ಡಿದರಕ್ಕೆ ಯಾವ ಧಕ್ಕೆಯೂ ಆಗದೆಂದು ನಂಬಿ ಬರೆಯುತ್ತಿದ್ದೇನೆ.

ಗ್ರಾಹಕರ ದೂರುಗಳನ್ನು ಕೇಳುವ ಸರ್ಕಾರಿ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಎಲ್ಲವನ್ನೂ ಕೇಳಿ, ನಕ್ಕು, ನಕ್ಕದ್ದಕ್ಕೆ ಕ್ಷಮೆ ಕೇಳಿ, “ಸಾಲಕ್ಕೆ ಅಂತ ಕೊಟ್ಟಿದ್ದಲ್ಲ, ಉಡುಗೊರೆ ಅಂತ ಕೊಟ್ಟಿದ್ದು ಅಂತ ತೋರಿಸಿದ್ರೆ ಸಾಲ ಒಪ್ಪಿಕೊಂಡ ಹಾಗಾಗಲ್ಲಮ್ಮಾ, ಹಳೇ ದಿನಾಂಕವೇ ನಿಲ್ಲುತ್ತೆ. ಆದ್ರೆ ಸಾಕ್ಷಿ ಬೇಕು” ಎಂದರು. ಸಾಕ್ಷಿಗೇನು ಬರ? ತಮ್ಮ ಪ್ರತಿ ಕರೆಯೂ ‘ಸೇವೆಯ ಗುಣಮಟ್ಟಕ್ಕಾಗಿ ಈ ಸಂಭಾಷಣೆಯನ್ನು ಧ್ವನಿಮುದ್ರಿಸಲಾಗುತ್ತದೆ’ ಎಂಬ ಮಂಗಳವಾಕ್ಯದಿಂದಲೇ ಶುರುವಾಗುತ್ತದೆ. ಅತ್ತೆ ಬಾಯಾರೆ ಆಡಿದ ಮಾತು ತಮ್ಮ ಪೆಟ್ಟಿಗೆಯಲ್ಲೇ ಭದ್ರವಾಗಿದೆಯೆಂದು ಹಿಗ್ಗಿ, ಅಲ್ಲಿಂದ ನೇರ ತಮ್ಮ ಕಚೇರಿಗೆ ಬಂದೆ.

ತಮ್ಮ ಕಚೇರಿ ಬಹಳ ಚೆನ್ನಾಗಿದೆ. ಕುರ್ಚಿಗಳನ್ನು ಒಂದಕ್ಕೊಂದು ಸರಪಳಿ ಹಾಕಿ ಕಟ್ಟಿರುವುದನ್ನು ನೋಡಿ, ತಾವು ತಮ್ಮ ಗ್ರಾಹಕರನ್ನು ಎಷ್ಟು ನಂಬುತ್ತೀರೆಂದು ತಿಳಿಯಿತು. ಗಾಜಿನಲ್ಲಿ ಕೊರೆದ ತೂತುಗಳು ಮಾತಾಡುವವರ ಬಾಯಿಗಿಂತ ಒಂದು ಗೇಣು ಕೆಳಗಿವೆ, ಹಾಗಾಗಿ ದೂರು ಹೇಳುವವರೆಲ್ಲ ತಾನೇ ತಾನಾಗಿ ಬೆನ್ನು ಬಗ್ಗಿಸುತ್ತಾರೆ; ಇದನ್ನು ಯೋಚಿಸಿದವರಿಗೆ ಬಡ್ತಿ ಕೊಡಬೇಕು. ನಾನೂ ಬಗ್ಗಿ, ಆ ದಿನದ ಧ್ವನಿಮುದ್ರಣ ಬೇಕೆಂದು ಕೇಳಿದೆ. ಒಳಗಿದ್ದ ಹೆಣ್ಣುಮಗಳು ಹಿಂದಕ್ಕೆ ಹೋಗಿ, ಯಾರನ್ನೋ ಕೇಳಿ ಬಂದು, “ಆ ದಿನದ್ದು ಇಲ್ಲ ಮೇಡಂ. ಅಳಿಸಿಹೋಗಿದೆ” ಎಂದರು. ಹಿಂದಿನ ದಿನದ್ದು? ಇದೆ. ಮರುದಿನದ್ದು? ಅದೂ ಇದೆ. ಏಳು ವರ್ಷದ ಹಿಂದೆ ನಾನು ತಪ್ಪಿಸಿದ ಮೊದಲ ಕಂತಿನ ಬಗ್ಗೆ ಯಾರೋ ಬರೆದ ಟಿಪ್ಪಣಿ ಕೂಡ ಇದೆ. ಅತ್ತೆ ಚಪ್ಪಲಿ ಕೊಡಿಸಿದ ದಿನವೊಂದು ಮಾತ್ರ ತಮ್ಮ ಯಂತ್ರಗಳಿಗೆ ನೆನಪಿಲ್ಲ. ನಾನು ಬೆನ್ನು ನೇರ ಮಾಡಿಕೊಂಡು ಮನೆಗೆ ಬಂದೆ, ಕೋಣೆಯ ಆಸೆಯನ್ನು ಅಲ್ಲೇ ಬಿಟ್ಟು ಬಂದೆ ಎಂದರೂ ನಡೆದೀತು.

ಕಳೆದ ಭಾನುವಾರ ನಮ್ಮ ಬಾಗಿಲು ಬಡಿದ ಸದ್ದಾಯಿತು. ಐವತ್ತು ದಾಟಿದ, ಸಣಕಲು ಮೈಯ, ಮೇಲಿನ ಸಾಲಿನ ಮುಂಭಾಗದ ಎರಡು ಹಲ್ಲುಗಳಿಲ್ಲದ ಗಂಡಸೊಬ್ಬರು ಕೈಯಲ್ಲಿ ಲಕೋಟೆ ಹಿಡಿದು ನಿಂತಿದ್ದರು. ಯಾರು ಬೇಕೆಂದು ನಾನು ಕೇಳುವ ಮೊದಲೇ, ಒಳಗಿನಿಂದ ಅವರ ಒಂದು ಕೆಮ್ಮು ಕೇಳಿದ ಅತ್ತೆ, “ಹನ್ನೊಂದು ಗಂಟೆ!” ಎಂದು ಕೂಗುತ್ತ, ಮೊಣಕಾಲನ್ನು ಮರೆತು, ನನ್ನನ್ನು ಪಕ್ಕಕ್ಕೆ ತಳ್ಳಿ ಬಂದರು. ತಾವು ಅವರನ್ನು ಕೆಲಸದಿಂದ ತೆಗೆದಿದ್ದಿರಿ. ಕೊನೆಯ ಸಂಬಳ ಕೈಗೆ ಬಂದ ಕೂಡಲೇ ಅವರು ಮಾಡಿದ ಮೊದಲ ಕೆಲಸವೆಂದರೆ ಚಪ್ಪಲಿಯ ಹಣವನ್ನು ಲಕೋಟೆಯಲ್ಲಿ ಹಾಕಿ ನಮಗೆ ವಾಪಸು ತಂದದ್ದು. ಆ ಹಣ ಹೋದದ್ದು ತಮ್ಮ ಪೆಟ್ಟಿಗೆಗೆ, ಹಿಂತಿರುಗಿ ಬಂದದ್ದು ಅವರ ಜೇಬಿನಿಂದ. ಕಾಲಲ್ಲಿ ಇನ್ನೂ ಅದೇ ದಾರ ಕಟ್ಟಿದ ಚಪ್ಪಲಿ ಇತ್ತು.

ಅತ್ತೆ ಅವರನ್ನು ಕೂರಿಸಿ, ಬಡಿಸಿ, ಬೇಡವೆಂದದ್ದನ್ನು ಇನ್ನೊಮ್ಮೆ ಬಡಿಸಿ, ಯಾಕೆ ತೆಗೆದರು ಎಂದು ಕೇಳಿದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಎರಡನೇ ಮಹಡಿಗೆ ಕರೆದ್ರು ಅಮ್ಮಾ. ಕೂರಿಸಿ, ಸ್ಪೀಕರ್ ಹಾಕಿ ಕೇಳಿಸಿದ್ರು. ಮೊದಲು ನಿಮ್ಮ ದನಿ ಬಂತು, ‘ಇದು ಸಾಲಕ್ಕಲ್ಲಪ್ಪಾ, ನಿನ್ನ ಚಪ್ಪಲಿಗೆ’ ಅಂತ. ನಂಗೆ ಒಂಥರಾ ಖುಷಿನೇ ಆಯ್ತು. ಆಮೇಲೆ ನನ್ನ ದನಿ ಬಂತು, ‘ಕಟ್ಟಬೇಡಿ, ದಮ್ಮಯ್ಯ’ ಅಂತ. ಸಾಲ ವಸೂಲಿ ಮಾಡೋನು ಕಟ್ಟಬೇಡಿ ಅಂತೀಯಲ್ಲೋ ಅಂತ ಎಲ್ಲರೂ ನಕ್ಕರು. ನಂಗೂ ನಗು ಬಂತು. ಸಾಯಂಕಾಲ ಮನೆಗೆ ಕಳಿಸಿದ್ರು.”

ಮಾನ್ಯರೇ, ಇಲ್ಲಿ ನನ್ನ ಅಲ್ಪಬುದ್ಧಿಗೆ ಒಂದು ಸಂದೇಹ ಉಂಟಾಗಿದೆ. ಗಾಜಿನ ತೂತಿನ ಬಳಿ ಅಳಿಸಿಹೋಗಿದ್ದ ಧ್ವನಿಮುದ್ರಣ ಎರಡನೆಯ ಮಹಡಿಯಲ್ಲಿ, ಅದೇ ವಾರ, ಅಲ್ಲಿದ್ದವರೆಲ್ಲ ಕೇಳಿ ನಗುವಷ್ಟು ಗಟ್ಟಿಯಾಗಿ ಹೇಗೆ ಕೇಳಿಸಿತು? ಸತ್ತ ಸಾಲವನ್ನು ಬದುಕಿಸುವ ತಮಗೆ ಅಳಿಸಿದ ದನಿಯನ್ನು ಬದುಕಿಸುವುದೂ ಬರುತ್ತದೆಯೇ? ಬರುವುದಾದರೆ, ಇದಕ್ಕಿಂತ ಅಗ್ಗದ ಪವಾಡ ಇನ್ನೊಂದಿಲ್ಲ, ನನಗೂ ಒಂದು ಪ್ರತಿ ಕರುಣಿಸಬೇಕು. ಒಬ್ಬರನ್ನು ಮನೆಗೆ ಕಳಿಸಲು ಸಾಕಾದ ಸಾಕ್ಷಿ ಇನ್ನೊಬ್ಬಳ ಕೋಣೆ ಉಳಿಸಲು ಸಾಲದೆಂದರೆ ಅದು ಸಾಕ್ಷಿಯ ತಪ್ಪಲ್ಲ. ತಮ್ಮ ಇಚ್ಛೆ ಸಾಲದ ವಯಸ್ಸನ್ನು ಸುಳ್ಳು ಹೇಳುವುದೇ ಆದರೆ ಅದನ್ನೂ ಬಾಯಿಬಿಟ್ಟು ಹೇಳಿ. ‘ಅತ್ಯಂತ ಮಹತ್ವದ್ದು’ ಎಂಬ ವಿನಯದ ಖರ್ಚಾದರೂ ತಮಗೆ ಉಳಿಯುತ್ತದೆ.

ಬರುವ ಸೋಮವಾರ ಬೆಳಿಗ್ಗೆ ಗ್ರಾಹಕರ ದೂರು ಕಚೇರಿಯಲ್ಲಿ ನಾನು ಬರೆದುಕೊಟ್ಟ ದೂರಿನ ವಿಚಾರಣೆ ಇದೆ. ಕೋಣೆಯ ಗಡುವು ಮುಗಿಯುವುದು ಅದೇ ವಾರ. ಆ ದಿನದೊಳಗೆ ತಾವು ಸಾಲದ ನಿಜವಾದ ಹುಟ್ಟಿದ ದಿನವನ್ನು ಬ್ಯಾಂಕಿಗೆ ತಿಳಿಸಿದರೆ ನಾನು ಈ ಪತ್ರದ ಹೊಗಳಿಕೆಗಳನ್ನೆಲ್ಲ ನಿಜವೆಂದು ಬರೆದುಕೊಡುತ್ತೇನೆ. ತಿಳಿಸದಿದ್ದರೆ, ಹನ್ನೊಂದು ಗಂಟೆಯವರು ವಿಚಾರಣೆಗೆ ಬಂದು ತಾವು ಕೇಳಿಸಿದ್ದನ್ನು ತಾವು ಕೇಳಿಸಿದಂತೆಯೇ ಹೇಳಲಿದ್ದಾರೆ. ಅವರನ್ನು ನಾನು ಒತ್ತಾಯಿಸಲಿಲ್ಲ. ಕೇಳಲೂ ಹೆದರಿದ್ದೆ, ಬೇರೆ ಕಡೆ ಕೆಲಸ ಸಿಗದಂತೆ ತಾವು ಮಾಡಿಯಾರೆಂದು. ಅವರೇ, “ಬರ್ತೀನಮ್ಮಾ. ಇಪ್ಪತ್ತು ವರ್ಷ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳ ವೇಳೆ ಕೂಗಿದೋನು. ವೇಳೆ ಕೂಗೋ ಯಂತ್ರ ಬಂದು ಕೆಲಸ ಕಿತ್ಕೊಳ್ಳೋವರೆಗೂ ಒಂದು ಸುಳ್ಳು ಕೂಗಿಲ್ಲ” ಎಂದರು. ಹಲ್ಲಿಲ್ಲದ ಸಂದಿಯಿಂದ ಗಾಳಿ ಸೋರಿ ಅವರ ಬಸ್ಸುಗಳೆಲ್ಲ ಸಿಳ್ಳೆ ಹಾಕಿಕೊಂಡು ಹೊರಟವು, ಅವರಿಗೇ ನಾಚಿಕೆಯಾಗಿ ಬಾಯಿಗೆ ಕೈ ಅಡ್ಡ ಹಿಡಿದರು.

ಅವರನ್ನು ಆ ಭಾನುವಾರವೇ ನನ್ನ ಕೋಣೆಗೆ ಕರೆದೊಯ್ದು, ಉತ್ತರದ ಕಿಟಕಿಯ ಬೆಳಕಿಗೆ ಕೂರಿಸಿ, ಪಕ್ಕದ ದಂತವೈದ್ಯರನ್ನು ಮನೆಯಿಂದ ಎಬ್ಬಿಸಿ ತಂದು ಅಚ್ಚು ತೆಗೆಸಿದೆ. ಎರಡು ಹಲ್ಲುಗಳು ಈಗ ಮೇಣದಲ್ಲಿ ಕೂತಿವೆ, ಶನಿವಾರದೊಳಗೆ ಅವರ ಬಾಯಲ್ಲಿ ಕೂರುತ್ತವೆ. ಬಹುಶಃ ಆ ಕೋಣೆಯಲ್ಲಿ ನಾನು ಮಾಡುವ ಕೊನೆಯ ಹಲ್ಲುಗಳು ಇವೇ ಆಗಿರಬಹುದು. ಹಾಗಾಗಬಾರದೆಂದು ನನಗೆ ತುಂಬಾ ಆಸೆಯಿದೆ, ಈ ಮಾತನ್ನು ತಮಾಷೆ ಬಿಟ್ಟು ಹೇಳುತ್ತಿದ್ದೇನೆ. ಹೇಗಾದರೂ ಇರಲಿ, ನನ್ನ ಕೈಗೆ ತಿಳಿದಷ್ಟೂ ಚೆನ್ನಾಗಿ ಮಾಡಿದ್ದೇನೆ. ಸೋಮವಾರ ಅವರು ಬಾಯಿ ಬಿಟ್ಟರೆ ಒಂದಕ್ಷರವೂ ಸೋರುವುದಿಲ್ಲ, ಕೊನೆಯ ಸಾಲಿನಲ್ಲಿ ಕೂತ ತಮಗೂ ಸ್ಪಷ್ಟವಾಗಿ ಕೇಳಿಸುತ್ತದೆ.

ಸ್ಕೋರು ಏನೇ ಹೇಳಲಿ, ಎಂದೆಂದಿಗೂ
ತಮ್ಮ ವಿಶ್ವಾಸಿ,
ಸೈಕಲ್ ಅಂಗಡಿಯ ಮೇಲಿನ ಹಲ್ಲಿನವಳು

ಬರೆದು ಮುಗಿಸಿದ ಮೇಲೆ ಹೊಳೆದದ್ದು: ಹನ್ನೊಂದು ಗಂಟೆಯವರ ಜಾಗಕ್ಕೆ ತಾವು ಕೂರಿಸಿದ ಹೊಸ ಹೆಣ್ಣುಮಗಳು ಈ ವಾರದಿಂದ ಕರೆ ಮಾಡುತ್ತಿದ್ದಾರೆ. ಬಹಳ ಬಿರುಸಿನವರು, ಮೊದಲ ದಿನ ಅತ್ತೆಗೆ ಒಂದು ಮಾತೂ ಆಡಗೊಡಲಿಲ್ಲ, ನೋಡಿ ನನಗೇ ಭಯವಾಯಿತು. ಎರಡನೆಯ ದಿನ ಅತ್ತೆ ನಡುವೆ ಬಾಯಿ ಹಾಕಿ, “ಯಾಕಮ್ಮಾ ಗಂಟಲು ಕಟ್ಟಿದೆ? ಬಿಸಿನೀರಾದ್ರೂ ಕುಡಿದ್ಯಾ?” ಎಂದರು. ಆ ಕಡೆಯವರು ಎದ್ದು ಹೋಗಿ ನೀರು ಕುಡಿದು ಬಂದರಂತೆ. ನಿನ್ನೆ ಅವರಿಬ್ಬರ ಮಾತು ಮುಗಿಯುವಷ್ಟರಲ್ಲಿ ನನ್ನ ಅಡುಗೆ ಮುಗಿದಿತ್ತು, ಅದರಲ್ಲಿ ಸಾಲದ ಸುದ್ದಿ ಬಂದದ್ದು ನನ್ನ ಕಿವಿಗೆ ಬೀಳಲಿಲ್ಲ. ಫೋನಿನಿಂದ ಹಣ ಕಳಿಸುವ ಏರ್ಪಾಡನ್ನು ನಾನು ತೆಗೆಸಿಹಾಕಿದ್ದೇನೆ, ಮಿಕ್ಕ ಮಾತುಕತೆಯನ್ನು ತಡೆಯುವುದು ನನ್ನ ಕೈಲಿಲ್ಲ. ತಾವು ಈಗಿನಿಂದಲೇ ಇನ್ನೊಬ್ಬರನ್ನು ಹುಡುಕಿಟ್ಟುಕೊಳ್ಳುವುದು ಒಳ್ಳೆಯದು.